ತರಬೇತಿ ಕಾಲದ ಕಾಗದಗಳು: ಹೊನ್ನಾಳಿ ಸೀಮೆಯ ಸೈನಿಕ ಕುಟುಂಬಗಳ ಪತ್ರ ಪರಂಪರೆ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ಸೈನಿಕನಿಗೆ ದೊರೆತಿರುವ ಸ್ಥಾನ ಬಹುಮಟ್ಟಿಗೆ ಮಡಿದ ಸೈನಿಕನದು. ವೀರಗಲ್ಲು, ಲಾವಣಿ, ಐತಿಹಾಸಿಕ ಕಥನಗೀತೆ ಇವೆಲ್ಲವೂ ಕಾದಿ ಸತ್ತವನನ್ನು ಕುರಿತವು. ಊರು ಬಿಟ್ಟು ಹೋಗಿ, ದೂರದ ಯಾವುದೋ ಕವಾಯತು ಮೈದಾನದಲ್ಲಿ ಬಿಸಿಲಿಗೆ ನಿಂತಿರುವ ಹದಿನೆಂಟು ಇಪ್ಪತ್ತರ ಹುಡುಗನನ್ನು ಕುರಿತು ನಮ್ಮ ಸಂಗ್ರಹಗಳು ಹೆಚ್ಚೇನನ್ನೂ ಹೇಳುವುದಿಲ್ಲ. ಅವನನ್ನು ಕುರಿತ ಪಠ್ಯ ಹಾಡಾಗಿ ಉಳಿದಿಲ್ಲ, ಕಲ್ಲಾಗಿ ನಿಂತಿಲ್ಲ. ಕಾಗದವಾಗಿ ಮನೆಮನೆಗಳ ಪೆಟ್ಟಿಗೆಗಳಲ್ಲಿ ಸೇರಿಕೊಂಡಿದೆ. ಬರಹದ ರೂಪದಲ್ಲಿರುವುದರಿಂದ ಜಾನಪದ ವಿದ್ವಾಂಸರು ಅದನ್ನು ತಮ್ಮದೆಂದು ಎಣಿಸಲಿಲ್ಲ. ‘ನಾವೆಲ್ಲ ಕ್ಷೇಮ’ ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಅದರಲ್ಲಿಲ್ಲವೆಂದು ಇತಿಹಾಸಕಾರರೂ ಅದನ್ನು ಆಕರವೆಂದು ಪರಿಗಣಿಸಲಿಲ್ಲ.

ಸೈನ್ಯಕ್ಕೆ ಭರ್ತಿಯಾದ ಮಗನಿಗೂ ಮನೆಯವರಿಗೂ ನಡುವೆ ತರಬೇತಿಯ ತಿಂಗಳುಗಳಲ್ಲಿ ನಡೆದ ಪತ್ರ ವ್ಯವಹಾರವನ್ನು ಒಂದು ಸಮುದಾಯ ಕೂಡಿ ರಚಿಸಿದ ಪಠ್ಯವೆಂದು ಓದಬೇಕು, ಏನನ್ನೂ ಹೇಳದಂತೆ ತೋರುವ ಅದರ ಒಕ್ಕಣೆಯಲ್ಲಿಯೇ ಅದರ ಅರ್ಥವಿದೆ ಎಂಬುದು ಪ್ರಸ್ತುತ ಲೇಖನದ ವಾದ. ಇಲ್ಲಿ ಹೊನ್ನಾಳಿ ಸೀಮೆ ಎಂದಾಗ ಹಳೆಯ ಹೊನ್ನಾಳಿ ತಾಲ್ಲೂಕನ್ನು, ಎಂದರೆ ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯನ್ನೂ ಒಳಗೊಂಡ ಪ್ರದೇಶವನ್ನು, ಜೊತೆಗೆ ಅದಕ್ಕೆ ಹೊಂದಿಕೊಂಡ ಚನ್ನಗಿರಿಯನ್ನು ಉದ್ದೇಶಿಸಲಾಗಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಇವು ಶಿವಮೊಗ್ಗ ಜಿಲ್ಲೆಯ ಭಾಗಗಳಾಗಿದ್ದವು. ಹಿಂದಿನ ಮೈಸೂರು ಸಂಸ್ಥಾನದ ವಾಯವ್ಯದ ಅಂಚು ಇದು. ಇದರಾಚೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಸೀಮೆ.

ಈ ನೆಲಕ್ಕೆ ದಂಡು ಹೊಸದಲ್ಲ. ಸಿಂದರು ಆಳಿದ ಬೆಳಗುತ್ತಿಯ ಕಾಲದಿಂದಲೂ ಇಲ್ಲಿನವರು ಆಳಾಗಿ ದುಡಿದವರು, ಕಾದಿದವರು. ಆದರೆ ಮನೆಯಿಂದ ಹೊರಟ ಆಳಿನ ಸುದ್ದಿ ಮನೆಗೆ ಮುಟ್ಟುವ ವ್ಯವಸ್ಥೆ ಇರಲಿಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದಾಗ ಬೇಡ ಸಮುದಾಯದ ಸುಮಾರು ಇಪ್ಪತ್ತು ಸಾವಿರ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ಅವರಲ್ಲಿನ ಹುಡುಗರನ್ನು ಬೇರ್ಪಡಿಸಿ ‘ಚೇಲಾ’ ಪಟಾಲಮುಗಳನ್ನು ಕಟ್ಟಿದನೆಂದೂ ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ದಾಖಲಿಸುತ್ತದೆ. ಹುಡುಗನನ್ನು ಮನೆಯಿಂದ ಬಿಡಿಸಿ, ಬೇರೆ ಊರಿನಲ್ಲಿಟ್ಟು, ಬೇರೆ ಮನುಷ್ಯನನ್ನಾಗಿ ಮಾಡಿ ದಂಡಿಗೆ ತಯಾರು ಮಾಡುವ ಕ್ರಮಕ್ಕೆ ಈ ಭಾಗದ ಚರಿತ್ರೆಯಲ್ಲಿ ಸಿಗುವ ಅತ್ಯಂತ ಸ್ಪಷ್ಟ ನಿದರ್ಶನ ಇದು. ಅಲ್ಲಿ ಹೋದವನಿಂದ ಮನೆಗೆ ಒಂದು ಓಲೆಯೂ ಬರುವಂತಿರಲಿಲ್ಲ.

ಚನ್ನಗಿರಿಯಲ್ಲಿ ಹುಟ್ಟಿದವನೆಂದು ಹೇಳಲಾಗುವ ಧೋಂಡಿಯಾ ವಾಘನ ಪ್ರಕರಣ ಇನ್ನೊಂದು ಬಗೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಸೆರೆಯಿಂದ ಹೊರಬಂದ ಅವನು, ನೆಲೆ ತಪ್ಪಿದ ಮೈಸೂರಿನ ಸಿಪಾಯಿಗಳನ್ನು ಸೇರಿಸಿಕೊಂಡು ಇದೇ ತುಂಗಭದ್ರೆಯ ಸೀಮೆಯಲ್ಲಿ ದಂಡು ಕಟ್ಟಿದ. ಆರ್ಥರ್ ವೆಲ್ಲೆಸ್ಲಿ ಅವನ ಬೆನ್ನು ಹತ್ತಿ 1800ರ ಜೂನ್‌ನಲ್ಲಿ ಹರಿಹರದ ಬಳಿ ಹೊಳೆ ದಾಟಿದ. ಅದೇ ವರ್ಷ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಈ ದಂಡಯಾತ್ರೆಯ ಉದ್ದಕ್ಕೂ ವೆಲ್ಲೆಸ್ಲಿ ಬರೆದ ಪತ್ರಗಳು ಸಂಪುಟ ಸಂಪುಟಗಳಾಗಿ ಅಚ್ಚಾಗಿವೆ. ಸೈನ್ಯಕ್ಕೆ ಧಾನ್ಯ ಹೊತ್ತು ತರುತ್ತಿದ್ದ ಲಂಬಾಣಿ ವ್ಯಾಪಾರಿಗಳ ಎತ್ತುಗಳ ಲೆಕ್ಕವೂ ಅವುಗಳಲ್ಲಿ ಬರುತ್ತದೆ. ದಂಡನಾಯಕನ ಪತ್ರ ಚರಿತ್ರೆಯಾಯಿತು. ಅವನ ಎದುರಿಗೂ ಹಿಂದೆಯೂ ನಡೆದವರ ಮನೆಗಳಲ್ಲಿ ಏನು ಮಾತಾಯಿತೆಂಬುದಕ್ಕೆ ಒಂದು ಚೂರು ಕಾಗದವೂ ಇಲ್ಲ. ಬರಹ ಬಲ್ಲವರಿಗಷ್ಟೇ ಪತ್ರ ಸಾಧ್ಯವಾಗಿದ್ದ ಕಾಲದಲ್ಲಿ ಇದು ಸಹಜವೇ. ಮುಂದೆ ಅಕ್ಷರ ಬಾರದವರ ಮನೆಗೂ ಪತ್ರ ಬರತೊಡಗಿದ್ದು ಹೇಗೆ ಎಂಬುದು ನಮಗೆ ಮುಖ್ಯವಾದ ಪ್ರಶ್ನೆ.

ಮೈಸೂರಿನ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಆರಂಭವಾಯಿತೆನ್ನುವುದು ಪ್ರಸಿದ್ಧ. ಅದು ಮೂಲತಃ ಅರಮನೆಯ ಕಣ್ಣು ಕಿವಿಯಾಗಿತ್ತು. ರೈತನ ಮನೆಯ ಸುದ್ದಿಯನ್ನು ಹೊರುವುದು ಬಹುಕಾಲದ ಮೇಲಿನ ಮಾತು. ಬ್ರಿಟಿಷ್ ಭಾರತದಲ್ಲಿ 1879ರ ಜುಲೈನಲ್ಲಿ ಕಾಲಾಣೆಯ ಕಾರ್ಡು ಬಂದಿತು, 1880ರಲ್ಲಿ ಮನಿಯಾರ್ಡರು ಬಂದಿತು. 1889ರಲ್ಲಿ ಮೈಸೂರು ಅಂಚೆ ಇಂಪೀರಿಯಲ್ ಅಂಚೆಯೊಂದಿಗೆ ವಿಲೀನವಾದ ಬಳಿಕ ಹೊನ್ನಾಳಿಯಂಥ ಊರೂ ಪೇಷಾವರದಿಂದ ರಂಗೂನಿನವರೆಗೆ ಹಬ್ಬಿದ ಒಂದೇ ಜಾಲಕ್ಕೆ ಸೇರಿತು. ಸಾಧನ ಸಿದ್ಧವಾಗಿತ್ತು. ಆದರೆ ಅದೇ ದಶಕಗಳಲ್ಲಿ ದಕ್ಷಿಣದವರಿಗೆ ಸೈನ್ಯದ ಬಾಗಿಲು ಕಿರಿದಾಗುತ್ತ ಬಂದಿತು. ಲಾರ್ಡ್ ರಾಬರ್ಟ್ಸ್ ಮೊದಲಾದವರು ಪ್ರತಿಪಾದಿಸಿದ ‘ಯುದ್ಧಪ್ರಿಯ ಜನಾಂಗ’ಗಳ ಸಿದ್ಧಾಂತ ಪಂಜಾಬು, ಗಡಿನಾಡು, ನೇಪಾಳಗಳ ಕಡೆ ಭರ್ತಿಯನ್ನು ತಿರುಗಿಸಿತು.

ಇದರ ಪರಿಣಾಮ ನಮ್ಮ ವಿಷಯದ ಮೇಲೂ ಆಗಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಅಲ್ಲಿನ ಸೆನ್ಸಾರ್ ಕಚೇರಿ ಓದಿ, ಆಯ್ದವನ್ನು ಇಂಗ್ಲಿಷಿಗೆ ಅನುವಾದಿಸಿ ಇಟ್ಟಿತು. ಅವುಗಳಿಂದ ಡೇವಿಡ್ ಒಮಿಸ್ಸಿ ಸಂಪಾದಿಸಿದ ಸಂಕಲನ 1999ರಲ್ಲಿ ಹೊರಬಂದು ವಿದ್ವಾಂಸರ ಗಮನ ಸೆಳೆಯಿತು. ಅದರಲ್ಲಿ ಕೇಳಿಸುವುದು ಹೆಚ್ಚಾಗಿ ಪಂಜಾಬು ಮತ್ತು ಉತ್ತರದ ದನಿ. ಮೈಸೂರು ಸಂಸ್ಥಾನದ ಲಾನ್ಸರ್ಸ್ ದಳ ಈಜಿಪ್ಟ್ ಹಾಗೂ ಪ್ಯಾಲೆಸ್ಟೈನ್ ರಂಗಗಳಲ್ಲಿ ಇದ್ದು, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲ್ಗೊಂಡಿತು. ಅದರ ಸ್ಮಾರಕ ಬೆಂಗಳೂರಿನಲ್ಲಿದೆ; ಆದರೆ ಅಲ್ಲಿಂದ ಬಂದ ಕನ್ನಡ ಕಾಗದಗಳ ಇಂಥ ಒಂದು ಸಂಕಲನ ನಮಗೆ ಒದಗಿಲ್ಲ. ಇಲ್ಲೊಂದು ವ್ಯಂಗ್ಯವನ್ನು ಗಮನಿಸಬಹುದು. ಸಿಪಾಯಿಗಳ ಮಾತನ್ನು ತಡೆಯಲೆಂದು ಹುಟ್ಟಿದ ಕಚೇರಿಯೇ ಅವರ ಮಾತನ್ನು ಉಳಿಸಿತು. ಅನುಮಾನದಿಂದ ನೋಡಲ್ಪಡದವರ ಮಾತು ಉಳಿಯಲಿಲ್ಲ.

ಎರಡನೆಯ ಮಹಾಯುದ್ಧ ಈ ಬೇಲಿಯನ್ನು ಮುರಿಯಿತು. 1939ರಲ್ಲಿ ಸುಮಾರು ಎರಡು ಲಕ್ಷದಷ್ಟಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ ಇಪ್ಪತ್ತೈದು ಲಕ್ಷವನ್ನು ಮುಟ್ಟಿತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ವಿಸರ್ಜಿಸಲ್ಪಟ್ಟಿದ್ದ ಮದ್ರಾಸ್ ರೆಜಿಮೆಂಟನ್ನು ಮರಳಿ ಕಟ್ಟಲಾಯಿತು. ಸಂಸ್ಥಾನದ ಪದಾತಿದಳದ ಒಂದು ಪಟಾಲಮು 1942ರ ಫೆಬ್ರವರಿಯಲ್ಲಿ ಸಿಂಗಪುರ ಶರಣಾದಾಗ ಸೆರೆ ಸಿಕ್ಕಿತು; ಅವರ ಮನೆಗಳಿಗೆ ಪತ್ರವೆಂಬುದು ಇದ್ದಕ್ಕಿದ್ದಂತೆ ನಿಂತುಹೋಯಿತು. ಸ್ವಾತಂತ್ರ್ಯಾನಂತರ ಮೈಸೂರಿನ ಪಡೆಗಳು ಭಾರತೀಯ ಸೈನ್ಯದಲ್ಲಿ ವಿಲೀನವಾದವು. ಆ ಮೇಲೆ ಈ ಸೀಮೆಯ ಹುಡುಗರು ಭರ್ತಿಯಾಗಿ ತರಬೇತಿಗೆ ಹೋಗತೊಡಗಿದ ಸ್ಥಳಗಳು ಹಳ್ಳಿಯವರ ಬಾಯಲ್ಲಿ ಊರ ಹೆಸರುಗಳಾಗಿಯೇ ನೆಲೆಸಿದವು: ಮದ್ರಾಸ್ ರೆಜಿಮೆಂಟಿನ ಕೇಂದ್ರವಿರುವ ನೀಲಗಿರಿಯ ವೆಲಿಂಗ್ಟನ್, ಮರಾಠಾ ಲಘು ಪದಾತಿದಳದ ಬೆಳಗಾವಿ, ಮದ್ರಾಸ್ ಇಂಜಿನಿಯರ್ ಗ್ರೂಪಿನ ಬೆಂಗಳೂರು, ಫಿರಂಗಿದಳದ ನಾಸಿಕ ಮತ್ತು ಹೈದರಾಬಾದು, ಇ.ಎಂ.ಇ.ಯ ಸಿಕಂದರಾಬಾದು. ವಾಯುಪಡೆಗೆ ಸೇರಿದವರಿಗೆ ಬೆಳಗಾವಿಯ ಸಾಂಬ್ರಾ, ನೌಕಾಪಡೆಗೆ ಸೇರಿದವರಿಗೆ 1980ರಿಂದೀಚೆಗೆ ಒಡಿಶಾದ ಚಿಲ್ಕಾ. ‘ಮಿಲಿಟ್ರಿಗೆ ಹೋಗ್ಯಾನೆ’ ಎನ್ನುವುದು ಮೊದಲ ವರ್ಷದಲ್ಲಿ ‘ವೆಲಿಂಗ್ಟನ್ನಿಗೆ ಹೋಗ್ಯಾನೆ’, ‘ನಾಸಿಕದಾಗ ಅದಾನೆ’ ಎಂದೇ ಆಗುತ್ತಿತ್ತು.

ಇನ್ನು ಕಾಗದದ ಕಡೆಗೆ ಬರೋಣ. ತರಬೇತಿಯ ಹುಡುಗ ಬರೆಯುತ್ತಿದ್ದುದು ಹೆಚ್ಚಾಗಿ ಇನ್‌ಲ್ಯಾಂಡ್ ಲೆಟರಿನಲ್ಲಿ. 1950ರ ಅಕ್ಟೋಬರ್ 2ರಂದು ಚಾಲ್ತಿಗೆ ಬಂದ ಈ ನೀಲಿ ಕಾಗದ ಕಾರ್ಡಿಗಿಂತ ಸ್ವಲ್ಪ ದುಬಾರಿ, ಲಕೋಟೆಗಿಂತ ಅಗ್ಗ. ಕಾರ್ಡನ್ನು ದಾರಿಯಲ್ಲಿ ಯಾರಾದರೂ ಓದಬಹುದು. ನೀಲಿ ಕಾಗದಕ್ಕೆ ಮಡಿಕೆಗಳಿವೆ, ಅಂಟಿದೆ. ಆದರೂ ಹಳ್ಳಿಯಲ್ಲಿ ಅದು ಗುಟ್ಟಿನ ವಸ್ತುವಾಗಿರಲಿಲ್ಲ. ತೆರೆಯುವುದು ಮನೆಯ ಜಗಲಿಯ ಮೇಲೆ, ಓದುವುದು ಎಲ್ಲರಿಗೂ ಕೇಳುವಂತೆ. ಹೀಗಾಗಿ ಬರೆಯುವವನೂ ಗಟ್ಟಿಯಾಗಿ ಓದಿಸಿಕೊಳ್ಳುವ ಪಠ್ಯವೆಂದು ತಿಳಿದೇ ಬರೆಯುತ್ತಿದ್ದ. ಇದು ಮೌಖಿಕ ಪಠ್ಯ. ಕಾಗದ ಅದರ ವಾಹನ ಮಾತ್ರ.

ಒಕ್ಕಣೆಯ ಕ್ರಮ ಬಹುತೇಕ ಸ್ಥಿರ. ಮೇಲೆ ‘ಶ್ರೀ’ಕಾರ ಅಥವಾ ಮನೆದೇವರ ಹೆಸರು, ಬಲಕ್ಕೆ ಸ್ಥಳ ಮತ್ತು ತಾರೀಖು. ಬಳಿಕ ‘ತೀರ್ಥರೂಪು ತಂದೆಯವರಿಗೆ’, ‘ಮಾತೃಶ್ರೀಯವರ ಪಾದಕ್ಕೆ’, ‘ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು’. ಅನಂತರ ‘ಉಭಯಕುಶಲೋಪರಿ’, ಇತ್ತ ನಾನು ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಸುವುದು. ಮಧ್ಯದಲ್ಲಿ ನಾಲ್ಕಾರು ಸಾಲು ವಿಷಯ. ಕೊನೆಗೆ ಹೆಸರುಗಳ ಸಾಲು: ದೊಡ್ಡಪ್ಪ, ದೊಡ್ಡವ್ವ, ಕಾಕ, ಅತ್ತಿಗೆ, ಅಜ್ಜಿ, ಬೀದಿಯ ಗೆಳೆಯರು, ಓದಿಸಿದ ಮೇಷ್ಟ್ರು, ಎಲ್ಲರಿಗೂ ನಮಸ್ಕಾರ ಅಥವಾ ಆಶೀರ್ವಾದ. ಒಂದು ಪುಟದ ಕಾಗದದಲ್ಲಿ ಆರಂಭ ಮತ್ತು ಅಂತ್ಯದ ಈ ಭಾಗಗಳೇ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುತ್ತವೆ. ಸಂಶೋಧಕ ಇವನ್ನು ಬಿಟ್ಟು ‘ವಿಷಯ’ಕ್ಕೆ ನೇರವಾಗಿ ಹೋಗುವುದು ವಾಡಿಕೆ. ಅದು ತಪ್ಪು ದಾರಿಯೆಂದು ನನ್ನ ಅಭಿಪ್ರಾಯ.

ವಿಲಿಯಂ ಥಾಮಸ್ ಮತ್ತು ಫ್ಲೋರಿಯನ್ ಝ್ನಾನಿಯೆಟ್ಸ್ಕಿ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ವಲಸೆ ಹೋದ ಪೋಲೆಂಡಿನ ರೈತರ ಪತ್ರಗಳನ್ನು ಸಂಗ್ರಹಿಸಿ 1918 ರಿಂದ 1920ರ ಅವಧಿಯಲ್ಲಿ ಪ್ರಕಟಿಸಿದರು. ಆ ಪತ್ರಗಳೆಲ್ಲವೂ ‘ತಲೆಬಾಗುವ ಪತ್ರ’ ಎಂಬ ಒಂದೇ ಮೂಲ ಮಾದರಿಯ ಭೇದಗಳೆಂದು ಅವರು ತೋರಿಸಿದರು. ದೇವರ ಸ್ಮರಣೆ, ಕ್ಷೇಮ ವಾರ್ತೆ, ಬಳಗದ ಪ್ರತಿಯೊಬ್ಬರಿಗೂ ವಂದನೆ ಇವೇ ಅದರ ಅಂಗಗಳು. ದೂರವಿದ್ದರೂ ಕುಟುಂಬದ ಒಗ್ಗಟ್ಟು ಮುರಿದಿಲ್ಲವೆಂದು ಸಾರುವುದೇ ಅದರ ಕೆಲಸ. ತುಂಗಭದ್ರೆಯ ದಂಡೆಯ ಕಾಗದಕ್ಕೂ ಪೋಲೆಂಡಿನ ಕಾಗದಕ್ಕೂ ಇರುವ ಈ ಹೋಲಿಕೆ ಎರವಲಿನದಲ್ಲ. ಮುಖಾಮುಖಿ ಮಾತಿನಲ್ಲಿ ಬದುಕಿದ ರೈತ ಸಮಾಜ ಮೊದಲ ಬಾರಿಗೆ ದೂರವನ್ನು ಎದುರಿಸಿದಾಗ ಎಲ್ಲೆಡೆಯೂ ಹೀಗೆಯೇ ನಡೆದುಕೊಳ್ಳುತ್ತದೆಂದು ತೋರುತ್ತದೆ. ಹಬ್ಬಕ್ಕೆ ಮನೆಗೆ ಬಂದ ಮಗ ಹಿರಿಯರ ಕಾಲಿಗೆ ಒಬ್ಬೊಬ್ಬರಾಗಿ ಎರಗುವ ಕ್ರಮ ಯಾವುದೋ ಅದೇ ಕ್ರಮದಲ್ಲಿ ಕಾಗದದ ಹೆಸರುಗಳು ಬರುತ್ತವೆ. ಒಂದು ಹೆಸರು ತಪ್ಪಿದರೆ ಓದಿಸಿಕೊಂಡವರು ಮುನಿಯುತ್ತಾರೆ. ಮುಂದಿನ ಕಾಗದದಲ್ಲಿ ಅದಕ್ಕೆ ಸಮಾಧಾನ ಬರಲೇಬೇಕು. ಹೆಸರುಗಳ ಪಟ್ಟಿಯೊಂದನ್ನೇ ಹಿಡಿದು ಒಂದು ಮನೆಯ ಕೂಡಿಕೆ, ಬೇರ್ಪಡೆಗಳ ಚರಿತ್ರೆಯನ್ನು ಬರೆಯಬಹುದು.

ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಮೌಖಿಕ ಕಾವ್ಯದಲ್ಲಿ ಗುರುತಿಸಿದ ಸಿದ್ಧಸೂತ್ರಗಳ ತತ್ತ್ವವನ್ನು ನಮ್ಮವರು ಮಂಟೇಸ್ವಾಮಿ, ಮಾದೇಶ್ವರ ಕಾವ್ಯಗಳಿಗೆ ಅನ್ವಯಿಸಬಲ್ಲರು. ಅದೇ ತತ್ತ್ವ ಈ ಸಾಮಾನ್ಯ ಕಾಗದಕ್ಕೂ ಸಲ್ಲುತ್ತದೆ. ಸೂತ್ರವಿರುವುದರಿಂದಲೇ ಅಕ್ಷರ ಬಾರದ ತಾಯಿಯೂ ಕಾಗದವನ್ನು ‘ರಚಿಸ’ಬಲ್ಲಳು. ಬರೆಯುವ ಕೈ ಬೇರೆಯವರದಾದರೂ ಮೊದಲು ಏನು ಬರಬೇಕು, ಆಮೇಲೆ ಏನು ಎಂಬುದು ಅವಳಿಗೆ ಬಾಯಿಪಾಠ. ಸೂತ್ರ ಮುರಿದಲ್ಲಿ ಏನೋ ಆಗಿದೆಯೆಂಬುದು ಕೇಳುವವರಿಗೂ ತಿಳಿಯುತ್ತದೆ. ‘ಎಲ್ಲರೂ ಕ್ಷೇಮ’ ಎನ್ನುವ ಕಡೆ ‘ಎಲ್ಲರೂ ಹಾಗೇ ಇದ್ದೇವೆ’ ಎಂದು ಬಂದರೆ ದೂರದ ಹುಡುಗ ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಾನೆ.

ಬರೆಯುವ ಕೈ ಯಾರದು ಎಂಬುದನ್ನೂ ಇಲ್ಲಿ ನೋಡಬೇಕು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಶಾಸನ ಜಾರಿಗೆ ಬರುವವರೆಗೆ ಶಾನುಭೋಗರು ಊರಿನ ಬರಹದ ಮುಖ್ಯ ಆಸರೆ. ಬಳಿಕ ಪ್ರಾಥಮಿಕ ಶಾಲೆಯ ಮೇಷ್ಟ್ರು, ಶಾಖಾ ಅಂಚೆ ಕಚೇರಿಯ ಪೋಸ್ಟ್ ಮಾಸ್ತರು, ಕೊನೆಕೊನೆಗೆ ಹೈಸ್ಕೂಲು ಓದುತ್ತಿರುವ ತಂಗಿ ಅಥವಾ ನೆರೆಮನೆಯ ಹುಡುಗಿ. 1991ರ ಜನಗಣತಿಯಲ್ಲಿ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ. 44.34, 2001ರಲ್ಲಿ ಶೇ. 56.87. ಸೈನಿಕನ ತಾಯಂದಿರ ತಲೆಮಾರಿನಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ತಾಯಿ ಹೇಳುವುದು, ಇನ್ನೊಬ್ಬರು ಬರೆಯುವುದು ಎಂಬ ಏರ್ಪಾಟು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಡೆದುಬಂತು. ಇದರಿಂದ ಒಂದೇ ಕಾಗದದಲ್ಲಿ ಎರಡು ಕನ್ನಡಗಳು ಸೇರಿದವು. ಆರಂಭ ಅಂತ್ಯಗಳಲ್ಲಿ ಶಾನುಭೋಗರ, ಮೇಷ್ಟ್ರುಗಳ ಗ್ರಂಥಸ್ಥ ಭಾಷೆ. ನಡುವೆ ಒಮ್ಮೊಮ್ಮೆ ತಾಯಿಯ ಮಾತು ಹೇಳಿದಂತೆಯೇ ಇಳಿದುಬಿಡುವುದು. ಕಾಗದ ಬರೆಸುವವಳು ಮಗ ಎದುರಿಗಿದ್ದಾನೆಂಬಂತೆ ‘ಉಂಡ್ಯೇನಪ್ಪಾ’ ಎಂದು ಕೇಳಿದರೆ, ಬರೆಯುವವರು ‘ಊಟೋಪಚಾರದ ವ್ಯವಸ್ಥೆ ಹೇಗಿದೆ ತಿಳಿಸುವುದು’ ಎಂದು ತಿದ್ದುತ್ತಾರೆ. ತಿದ್ದದೆ ಹಾಗೇ ಬರೆದುಕೊಡುವ ಚಿಕ್ಕ ಹುಡುಗಿಯರ ಕೈಬರಹ ನನಗೆ ಮೇಷ್ಟ್ರುಗಳದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ನಡುವಣ ನಾಲ್ಕಾರು ಸಾಲುಗಳಲ್ಲಿ ಏನಿರುತ್ತಿತ್ತು? ಮನೆಯಿಂದ: ಮಳೆ ಬಂದದ್ದು ಅಥವಾ ಬಾರದಿದ್ದದ್ದು, ಭದ್ರಾ ನಾಲೆಗೆ ನೀರು ಬಿಟ್ಟದ್ದು, ಬತ್ತದ ನಾಟಿ, ಹಸು ಈಯ್ದದ್ದು, ಯಾರದೋ ಮದುವೆ. ಮಗನಿಂದ: ಸಂಬಳದಲ್ಲಿ ಇಷ್ಟು ಕಳಿಸುತ್ತೇನೆ, ರಜೆ ಇಂಥ ತಿಂಗಳು ಸಿಗಬಹುದು, ಇಲ್ಲಿ ಚಳಿ ಬಹಳ. ಇವುಗಳಿಗಿಂತ ಮುಖ್ಯವಾದವು ಎರಡೂ ಕಡೆ ಬಿಟ್ಟ ಮಾತುಗಳು. ತರಬೇತಿಯ ಮೊದಲ ತಿಂಗಳುಗಳು ದೇಹಕ್ಕೂ ಮನಸ್ಸಿಗೂ ಕಠಿಣವಾದವು. ನಸುಕಿನ ಓಟ, ಬೂಟಿನ ಗುಳ್ಳೆ, ಉಸ್ತಾದನ ಬೈಗುಳ, ಭಾಷೆ ಬಾರದ ಬ್ಯಾರಕ್ಕು, ರೊಟ್ಟಿ ಮುದ್ದೆಗಳಿಲ್ಲದ ಲಂಗರಿನ ಊಟ ಇವಾವುವೂ ಮನೆಯ ಕಾಗದದಲ್ಲಿ ಬರುವುದಿಲ್ಲ. ಅತ್ತ, ಬೋರು ಬತ್ತಿದ್ದು, ಕೈಸಾಲ, ಅಜ್ಜಿಯ ಕಾಯಿಲೆ ಬ್ಯಾರಕ್ಕಿಗೆ ಹೋಗುವುದಿಲ್ಲ. ಇಬ್ಬರೂ ಪರಸ್ಪರ ಮುಚ್ಚಿಡುತ್ತಾರೆ, ಮುಚ್ಚಿಟ್ಟಿರುವುದು ಇಬ್ಬರಿಗೂ ಗೊತ್ತಿರುತ್ತದೆ. ‘ಕ್ಷೇಮ’ ಎಂಬ ಮಾತಿನ ನಿಜವಾದ ಬಳಕೆ ಇಲ್ಲಿದೆ. ಅದು ಸುದ್ದಿ ಹೇಳುವುದಿಲ್ಲ. ನಿನ್ನ ಮೇಲೆ ನನ್ನ ಭಾರ ಹೊರಿಸುವುದಿಲ್ಲ ಎಂದು ಹೇಳುತ್ತದೆ.

ಫ್ರಾನ್ಸಿನ ಸಿಪಾಯಿಗಳೂ ಸೆನ್ಸಾರನ್ನು ತಪ್ಪಿಸಲು ಮರೆಮಾತು ಬಳಸುತ್ತಿದ್ದರು. ಕರಿಮೆಣಸು ಎಂದರೆ ಭಾರತೀಯ ಪಡೆ, ಕೆಂಪುಮೆಣಸು ಎಂದರೆ ಬಿಳಿಯರ ಪಡೆ ಎಂಬ ಸಂಕೇತ ಪ್ರಸಿದ್ಧವಾಗಿದೆ. ನಮ್ಮ ಕಾಗದಗಳ ಮರೆಮಾತು ಬೇರೆ ಬಗೆಯದು. ಅಲ್ಲಿ ತಪ್ಪಿಸಬೇಕಾದದ್ದು ಅಧಿಕಾರಿಯ ಕಣ್ಣು. ಇಲ್ಲಿ ತಾಯಿಯ ಕಿವಿ. ಆದ್ದರಿಂದಲೇ ತರಬೇತಿಯ ಕಷ್ಟ ಬರಬೇಕಾದರೆ ಅದು ಮನೆಯ ಕಾಗದದಲ್ಲಿ ಬರದೆ ಗೆಳೆಯನಿಗೆ ಬರೆದದ್ದರಲ್ಲಿ ಬರುತ್ತದೆ. ಒಂದೇ ವಾರದ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದುವ ಅವಕಾಶ ಸಿಕ್ಕಿದರೆ ಸಂಶೋಧಕನಿಗೆ ಅದಕ್ಕಿಂತ ಭಾಗ್ಯವಿಲ್ಲ.

ಜಾನಪದ ನಂಬಿಕೆಗಳು ಕಾಗದದ ಮೈಮೇಲೂ ಕಾಣುತ್ತವೆ. ಶುಭ ಸಮಾಚಾರದ ಕಾರ್ಡಿನ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚುವುದು, ಸಾವಿನ ಸುದ್ದಿಯ ಕಾರ್ಡಿಗೆ ಮಸಿ ಬಳಿಯುವುದು, ಅದನ್ನು ಹೊಸ್ತಿಲ ಹೊರಗೇ ಓದಿ ಹರಿದುಹಾಕುವುದು ಹಿಂದಿನ ರೂಢಿ. ಇದರಿಂದ ಸಂಗ್ರಾಹಕನಿಗೆ ಒಂದು ತೊಡಕುಂಟು: ಉಳಿದಿರುವ ಕಾಗದಗಳೆಲ್ಲ ಒಳ್ಳೆಯ ಸುದ್ದಿಯವೇ ಆಗಿರುವ ಸಂಭವ ಹೆಚ್ಚು. ತಂತಿ ಬಂತೆಂದರೆ ಮನೆ ನಡುಗುತ್ತಿತ್ತು. ಹಾಗಿದ್ದೂ ರಜೆ ಮಂಜೂರಾಗಲಿ ಎಂದು ‘ತಾಯಿಗೆ ಸೀರಿಯಸ್, ಕೂಡಲೇ ಹೊರಡು’ ಎಂಬ ತಂತಿಯನ್ನು ಮನೆಯವರೇ ಕೊಡಿಸುತ್ತಿದ್ದ ಉಪಾಯವನ್ನು ಸೈನ್ಯದಲ್ಲಿದ್ದು ಬಂದವರು ಇಂದಿಗೂ ನಗುತ್ತ ಹೇಳುತ್ತಾರೆ. ಅಪಶಕುನವನ್ನು ಹೀಗೆ ಕೈಯಾರೆ ಬರೆಸಲು ಕೆಲವು ತಾಯಂದಿರು ಒಪ್ಪದಿದ್ದರೆ ಅದು ಆಶ್ಚರ್ಯವಲ್ಲ. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತಿತು.

ಮನಿಯಾರ್ಡರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅದರ ನಮೂನೆಯ ತುದಿಯಲ್ಲಿ ಹಣ ಪಡೆದವರಿಗೆ ಹರಿದುಕೊಡುವ ಚಿಕ್ಕ ಕೂಪನ್ ಇರುತ್ತಿತ್ತು. ಕಳಿಸುವವನು ಅದರಲ್ಲಿ ಎರಡು ಮೂರು ಸಾಲು ಬರೆಯಬಹುದಾಗಿತ್ತು. ಜಾಗವಿಲ್ಲದ್ದರಿಂದ ಇಲ್ಲಿ ಸೂತ್ರಗಳು ಉದುರಿಹೋಗಿ ಮಾತು ನೇರವಾಗುತ್ತದೆ: ಇಷ್ಟು ಗೊಬ್ಬರಕ್ಕೆ, ಇಷ್ಟು ತಂಗಿಯ ಫೀಜಿಗೆ, ಉಳಿದದ್ದು ಅವ್ವನ ಕೈಗೆ. ತಾಯಿ ಹೆಬ್ಬೆಟ್ಟು ಒತ್ತಿ, ಸಾಕ್ಷಿಯೊಬ್ಬರು ಸಹಿ ಹಾಕಿ, ಪೋಸ್ಟ್‌ಮನ್ ಹಣ ಎಣಿಸಿಕೊಟ್ಟು ಕೂಪನ್ನನ್ನು ಓದಿ ಹೇಳಿ ಹೋಗುತ್ತಿದ್ದ. ಮಗ ದುಡಿಯುವವನಾದನೆಂಬುದನ್ನು ಬೀದಿಗೆ ಸಾರುವ ವಿಧಿ ಅದು. ‘ಅವ್ವನ ಕೈಗೆ’ ಎಂಬ ಮಾತು ಮನೆಯೊಳಗಿನ ಅಧಿಕಾರದಲ್ಲಿ ತರುತ್ತಿದ್ದ ಬದಲಾವಣೆಯನ್ನು ಅರ್ಥಶಾಸ್ತ್ರದವರೂ ಗಮನಿಸಬೇಕು. ದುರದೃಷ್ಟವಶಾತ್ ಮೊದಲು ಕಳೆದುಹೋಗುವ ಚೂರು ಇದೇ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳ ತಾಂಡಾಗಳ ಸ್ಥಿತಿ ಇನ್ನೂ ಜಟಿಲ. ಸಂತ ಸೇವಾಲಾಲರ ಜನ್ಮಸ್ಥಳವೆಂದು ನಾಡಿನ ಲಂಬಾಣಿಗರು ಯಾತ್ರೆ ಬರುವ ಸೂರಗೊಂಡನಕೊಪ್ಪ ಇರುವುದು ಈ ಸೀಮೆಯಲ್ಲಿಯೇ. ಲಂಬಾಣಿಗರ ಮನೆಮಾತು ಗೋರ್‌ಬೋಲಿ. ಅದಕ್ಕೆ ಸ್ವಂತ ಲಿಪಿಯಿಲ್ಲ. ಮನೆಯಲ್ಲಿ ‘ಯಾಡಿ’ ಎಂದು ಕರೆಯುವ ಮಗ ಕಾಗದದಲ್ಲಿ ‘ಮಾತೃಶ್ರೀಯವರ ಪಾದಕ್ಕೆ’ ಎಂದು ಕನ್ನಡದಲ್ಲಿ ಬರೆಯುತ್ತಾನೆ. ತಾಂಡಾದಲ್ಲಿ ಓದುವವನು ಅದನ್ನು ಗೋರ್‌ಬೋಲಿಗೆ ತಿರುಗಿಸಿ ಹೇಳುತ್ತಾನೆ. ಯಾಡಿ ಹೇಳಿದ್ದು ಮತ್ತೆ ಕನ್ನಡವಾಗಿ ಬ್ಯಾರಕ್ಕಿಗೆ ಹೋಗುತ್ತದೆ. ಹೀಗೆ ಒಂದು ಉತ್ತರ ಪ್ರತ್ಯುತ್ತರದಲ್ಲಿ ಮೂರು ಬಾರಿ ಭಾಷೆ ಬದಲಾಗುತ್ತದೆ. ಇದರಲ್ಲಿ ಇನ್ನೊಂದು ವಿಶೇಷವುಂಟು. ರಾಜಸ್ಥಾನಿಗೆ ಹತ್ತಿರವಾದ ಗೋರ್‌ಬೋಲಿ ಬಲ್ಲ ಹುಡುಗನಿಗೆ ಸೈನ್ಯದ ಹಿಂದಿ ಬೇಗ ಹತ್ತುತ್ತದೆ. ಬಯಲಿನ ಕನ್ನಡಿಗ ಹುಡುಗನಿಗೆ ‘ಬಾಯೇಂ ಮುಡ್’ ಕಿವಿಗೆ ಬಿದ್ದು ಕಾಲಿಗಿಳಿಯಲು ವಾರಗಳು ಬೇಕು. ಊರ ಶಾಲೆಯಲ್ಲಿ ಭಾಷೆಯಿಂದಾಗಿ ಹಿಂದೆ ಕುಳಿತವನು ಕವಾಯತಿನಲ್ಲಿ ಭಾಷೆಯಿಂದಾಗಿಯೇ ಮುಂದಾಗುವ ಈ ಪಲ್ಲಟವನ್ನು ಕಾಗದಗಳು ದಾಖಲಿಸಲಿಲ್ಲ, ಏಕೆಂದರೆ ಅವು ಇದ್ದದ್ದು ಶಾಲೆಯ ಕನ್ನಡದಲ್ಲಿ. ತಾಂಡಾದ ಸ್ತ್ರೀಯರಿಗೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅತ್ತು ಹಾಡುವ ಹಾಡುಗಳಿವೆ, ಕನ್ನಡದ ಹೆಂಗಸರಿಗೂ ಹೆಣ್ಣೊಪ್ಪಿಸುವ ಹಾಡುಗಳಿವೆ. ಮಗನನ್ನು ದಂಡಿಗೆ ಕಳಿಸುವಾಗ ಹಾಡಲು ಅಷ್ಟು ಸ್ಥಿರವಾದ ಹಾಡಿನ ಪ್ರಕಾರವೊಂದು ಎರಡರಲ್ಲೂ ಬೆಳೆಯಲಿಲ್ಲ. ಆ ತೆರಪನ್ನು ಕಾಗದ ತುಂಬಿತು.

ಕಾಗದಗಳ ಮೂಲಕ ಹಳ್ಳಿಯ ಮಾತಿಗೆ ಹೊಸ ಶಬ್ದಗಳೂ ಬಂದವು. ರಂಗರೂಟು, ಉಸ್ತಾದ, ಲಂಗರು, ಛುಟ್ಟಿ, ಫಾಲಿನ್ನು, ಕಸಂ ಪರೇಡು ಇವು ಮೊದಲು ಕಾಗದದಲ್ಲಿ ಬಂದು, ಓದಿಸಿಕೊಂಡವರ ಬಾಯಲ್ಲಿ ಉಳಿದವು. ಕಸಂ ಪರೇಡೆಂದರೆ ತರಬೇತಿ ಮುಗಿಸಿದವರು ಪ್ರತಿಜ್ಞೆ ಸ್ವೀಕರಿಸುವ ಸಮಾರಂಭ. ಅದಾದ ಮೇಲೆ ಹುಡುಗ ರಂಗರೂಟನಲ್ಲ, ಜವಾನ. ಮನೆಯವರಿಗೆ ಈ ಬದಲಾವಣೆ ತಿಳಿಯುತ್ತಿದ್ದುದು ವಿಳಾಸದಿಂದ. ಅದುವರೆಗೆ ಕಾಗದದ ಮೇಲೆ ವೆಲಿಂಗ್ಟನ್ ಅಥವಾ ನಾಸಿಕ ಎಂಬ ಊರಿತ್ತು. ಅದನ್ನು ಶಾಲೆಯ ನಕಾಶೆಯಲ್ಲಿ ತೋರಿಸಬಹುದಿತ್ತು. ಗಡಿಯ ನೆಲೆಗೆ ಹೋದ ಬಳಿಕ ವಿಳಾಸದಲ್ಲಿ ಉಳಿಯುವುದು ಅವನ ಸಂಖ್ಯೆ, ಹೆಸರು, ಘಟಕ ಮತ್ತು ‘56 ಎ.ಪಿ.ಓ.’ ಅಥವಾ ‘99 ಎ.ಪಿ.ಓ.’ ಮಾತ್ರ. ಭದ್ರತೆಯ ದೃಷ್ಟಿಯಿಂದ 1948ರಲ್ಲಿ ಆರಂಭವಾದ ಈ ಸಂಕೇತ ವ್ಯವಸ್ಥೆಯಲ್ಲಿ ಸೈನಿಕ ಎಲ್ಲಿದ್ದಾನೆಂಬುದು ಮನೆಯವರಿಗೂ ತಿಳಿಯುವುದಿಲ್ಲ. ಈಶಾನ್ಯದ ಕಡೆಗೆ 99 ಎಂಬಷ್ಟನ್ನು ಅನುಭವದಿಂದ ಊಹಿಸುತ್ತಿದ್ದರು. ಮಗ ಊರಿಲ್ಲದವನಾದ ಆ ದಿನದಿಂದ ಕಾಗದದ ಸ್ವರವೂ ಬೇರೆಯಾಗುತ್ತದೆ: ತಾಯಿ ಊಟವನ್ನು ವಿಚಾರಿಸುವುದು ಕಡಿಮೆಯಾಗಿ ದೇವರ ಹೆಸರು ಹೆಚ್ಚುತ್ತದೆ, ತಂದೆ ಹೊಲದ ವ್ಯವಹಾರದಲ್ಲಿ ಮಗನ ಅಭಿಪ್ರಾಯ ಕೇಳತೊಡಗುತ್ತಾನೆ. ತರಬೇತಿಯ ಕಾಗದಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಮಗನಾಗಿ ಹೋದವನು ಮನೆಯ ಗಂಡಸಾಗುವ ತಿಂಗಳುಗಳು ಅವು.

1990ರ ದಶಕದಲ್ಲಿ ಎಸ್.ಟಿ.ಡಿ. ಬೂತುಗಳು ಹೋಬಳಿ ಕೇಂದ್ರಗಳಿಗೂ ಬಂದವು. 1999ರ ಕಾರ್ಗಿಲ್ ಯುದ್ಧದ ವೇಳೆಗೆ ಮನೆಯವರು ಫೋನಿಗಾಗಿ ಬೂತಿನ ಮುಂದೆ ಕಾಯುವುದೂ ಕಾಗದಕ್ಕಾಗಿ ಪೋಸ್ಟ್‌ಮನ್ನನ ದಾರಿ ನೋಡುವುದೂ ಒಟ್ಟೊಟ್ಟಿಗೆ ನಡೆದಿದ್ದವು. ಮುಂದಿನ ಹತ್ತು ವರ್ಷಗಳಲ್ಲಿ ಮೊಬೈಲು ಈ ಎರಡನ್ನೂ ಮುಗಿಸಿತು. 2022ರ ಜೂನ್‌ನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ತರಬೇತಿಯೂ ಸೇರಿ ಒಟ್ಟು ಸೇವೆಯೇ ನಾಲ್ಕು ವರ್ಷ. ತರಬೇತಿಯ ಕಾಲದಲ್ಲಿ ಫೋನಿಗೆ ಮಿತಿಯಿದ್ದರೂ ಕಾಗದ ಬರೆಯುವ ಅಭ್ಯಾಸ ಎರಡೂ ಕಡೆ ತಪ್ಪಿದೆ. ವಾರಕ್ಕೊಮ್ಮೆ ಸಿಗುವ ಕೆಲವು ನಿಮಿಷಗಳ ಮಾತಿನಲ್ಲೂ ಹಳೆಯ ಒಕ್ಕಣೆ ಪೂರ್ತಿ ಅಳಿದಿಲ್ಲ. ಮೊದಲು ಕ್ಷೇಮ, ಆಮೇಲೆ ಊಟ, ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ವಿಚಾರಣೆ, ಫೋನು ಮನೆಯಲ್ಲಿ ಕೈಯಿಂದ ಕೈಗೆ ದಾಟುವುದು.

ಉಳಿದ ಕಾಗದಗಳು ಈಗ ಎಲ್ಲಿವೆ? ಹಳೆಯ ಮನೆಗಳಲ್ಲಿ ತೊಲೆಗೋ ಗೋಡೆಯ ಮೊಳೆಗೋ ನೇತುಹಾಕಿದ ಕೊಕ್ಕೆ ತಂತಿಗೆ ಬಂದ ಕಾಗದಗಳನ್ನು ಚುಚ್ಚಿಡುವ ಪದ್ಧತಿಯಿತ್ತು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಹಂಚಿನ ಮನೆ ಕೆಡವಿ ಆರ್.ಸಿ.ಸಿ. ಮನೆ ಕಟ್ಟುವಾಗ ಮೊದಲು ಒಲೆಗೆ ಹೋಗುವುದು ಈ ತಂತಿಯ ಗೊಂಚಲು. ತಗಡಿನ ಟ್ರಂಕಿನಲ್ಲಿ ಉಳಿದವು ಸ್ವಲ್ಪ ಹೆಚ್ಚು ಕಾಲ ಬಾಳುತ್ತವೆ. ಮನೆಗೆ ಬಂದವಷ್ಟೇ ಹೀಗೆ ಉಳಿಯುವುದು. ಮನೆಯಿಂದ ಹೋದವು ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಬದಲಾಗುವ ಸೈನಿಕನ ಪೆಟ್ಟಿಗೆಯಲ್ಲಿ ಉಳಿಯುವುದು ಕಷ್ಟ. ಆದ್ದರಿಂದ ನಮ್ಮ ಕೈಗೆ ಸಿಗುವುದು ಸಂವಾದದ ಒಂದು ಪಕ್ಕ. ತಾಯಿಯ ಪಕ್ಕವನ್ನು ಮಗನ ಉತ್ತರಗಳಿಂದ ಕಟ್ಟಿಕೊಳ್ಳಬೇಕಾಗುತ್ತದೆ.

ಸಂಗ್ರಹಿಸುವವರು ಒಕ್ಕಣೆಯನ್ನು ಮಾತ್ರ ನಕಲು ಮಾಡಿಕೊಂಡರೆ ಸಾಲದು. ಅಂಚೆಯ ಮುದ್ರೆಯ ತಾರೀಖು, ವಿಳಾಸ ಬರೆದ ಕೈ, ಅಂಚಿನಲ್ಲಿ ಓರೆಯಾಗಿ ಸೇರಿಸಿದ ಸಾಲು, ಕೂಪನ್ನಿನ ಚೂರು ಇವೆಲ್ಲ ಬೇಕು. ಕಾಗದವನ್ನು ಮನೆಯಿಂದ ಒಯ್ಯುವ ಅಗತ್ಯವೂ ಇಲ್ಲ. ಛಾಯಾಪ್ರತಿ ತೆಗೆದು ಮೂಲವನ್ನು ಅಲ್ಲಿಯೇ ಬಿಡಬಹುದು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಸಿ, ಆಗ ಕೇಳಿದವರು ಈಗ ಏನು ಹೇಳುತ್ತಾರೆಂಬುದನ್ನು ಧ್ವನಿಮುದ್ರಿಸುವುದು. ತಾಂಡಾಗಳಲ್ಲಿ ಇದು ತುರ್ತಿನ ಕೆಲಸ. ಅಲ್ಲಿ ಕನ್ನಡದಲ್ಲಿ ಬಂದ ಕಾಗದವನ್ನು ಯಾಡಿ ಯಾವ ಮಾತುಗಳಲ್ಲಿ ಕೇಳಿಸಿಕೊಂಡಳೆಂಬುದು ಎಲ್ಲಿಯೂ ಬರಹದಲ್ಲಿಲ್ಲ. ಅದನ್ನು ಗೋರ್‌ಬೋಲಿಗೆ ತಿರುಗಿಸಿ ಓದಿ ಹೇಳುತ್ತಿದ್ದ ಹುಡುಗರಿಗೆ ಈಗ ಅರವತ್ತು ದಾಟಿದೆ.